ಗಾಳಿಗೆ ಬಿಟ್ಟ ಜಗಲಿ

ಜೆತ್ರೊ ಬೆಡೋನ ಮೊಳೆಪೆಟ್ಟಿಗೆಯಲ್ಲಿ ಸಣ್ಣ ಮೊಳೆ ಎಂಬುದೇ ಇರಲಿಲ್ಲ. ಬೆರಳುದ್ದಕ್ಕಿಂತ ಕಡಿಮೆ ಇರುವುದನ್ನು ಅವನು ಮೊಳೆ ಎಂದು ಒಪ್ಪುತ್ತಲೂ ಇರಲಿಲ್ಲ. ಅದು ಕ್ಯಾಲೆಂಡರ್ ತೂಗುಹಾಕುವವರ ಸಾಮಾನು ಎನ್ನುತ್ತಿದ್ದ. ಕ್ಯಾರಿಯಾಕೂ ದ್ವೀಪದ ಪಾಯಿಂಟ್ ಸೋಲೆಯ ಕಡಲದಂಡೆಯಲ್ಲಿ ಅವನ ಅಜ್ಜ ದೋಣಿ ಕಟ್ಟಿದ, ಅಪ್ಪ ದೋಣಿ ಕಟ್ಟಿದ, ಇವನೂ ಮೀಸೆ ಬೆಳ್ಳಗಾಗುವ ತನಕ ದೋಣಿಯನ್ನೇ ಕಟ್ಟಿದ. ಮರದ ದೋಣಿ ಕೇಳುವವರು ಕಡಿಮೆಯಾದ ಮೇಲೆ ಮನೆಗಳಿಗೆ ಕೈಹಾಕಿದ. ಆದರೆ ಮನೆಯನ್ನೂ ದೋಣಿಯ ಹಾಗೆಯೇ ಕಟ್ಟುತ್ತಿದ್ದ. ಒಂದು ಕೋಳಿಗೂಡು ಮಾಡಿಕೊಡಪ್ಪ ಎಂದರೂ ಅಟ್ಲಾಂಟಿಕ್ ದಾಟಿಸಬಹುದಾದಷ್ಟು ಗಟ್ಟಿಯಾಗಿ ಮಾಡಿಕೊಡುವ ಆಸಾಮಿ. ಊರವರು ಅವನನ್ನು ಎದುರಿಗೆ ಮೇಸ್ತ್ರಿ ಎಂದು ಕರೆಯುತ್ತಿದ್ದರು. ಬೆನ್ನ ಹಿಂದೆ ಏನೆನ್ನುತ್ತಿದ್ದರು ಎಂಬುದು ಇಲ್ಲಿ ಬೇಡ.

ಕ್ಯಾರಿಯಾಕೂ ದ್ವೀಪದವರು ಬಿರುಗಾಳಿಯನ್ನು ಹಿಡಿದು ವಯಸ್ಸು ಎಣಿಸುವವರು. ಜೆತ್ರೊ ಜಾನೆಟ್ ಚಂಡಮಾರುತದ ವರ್ಷದ ಕೂಸು. ತಾಯಿ ಅವನನ್ನು ಹಿಟ್ಟಿನ ಪೀಪಾಯಿಯಲ್ಲಿಟ್ಟು ಉಳಿಸಿಕೊಂಡಳಂತೆ. ಆದರೆ ಗಾಳಿಯ ಮೇಲೆ ಅವನಿಗೆ ಹಗೆ ಹುಟ್ಟಿದ್ದು ಅದಾಗಿ ಎಷ್ಟೋ ವರ್ಷಕ್ಕೆ ಬಂದ ಇನ್ನೊಂದು ಬಿರುಗಾಳಿಯಿಂದ. ಆಗ ಅವನ ಹೆಂಡತಿ ಲಿಯೊನೋರಾ ಎದೆಯಲ್ಲಿ ಕಫ ಕಟ್ಟಿ, ಜ್ವರ ಏರಿ, ಊರ ಹಳೆಯ ಆಸ್ಪತ್ರೆಯಲ್ಲಿ ಮಲಗಿದ್ದಳು. ಗಾಳಿ ಆಸ್ಪತ್ರೆಯ ಸೂರನ್ನು ಡಬ್ಬಿಯ ಮುಚ್ಚಳದ ಹಾಗೆ ಕಿತ್ತುಕೊಂಡು ಹೋಯಿತು. ಮಳೆ ನೇರ ಮಂಚದ ಮೇಲೆಯೇ ಸುರಿಯಿತು. ನರ್ಸ್ ಆಲ್ಸಿನಾ ಲಿಯೊನೋರಾಳನ್ನು ನೆಲಕ್ಕೆ ಇಳಿಸಿ, ಮೇಲೊಂದು ಹಾಸಿಗೆ ಎಳೆದು, ಆ ಹಾಸಿಗೆ ಹಾರದಂತೆ ಅದರ ಮೇಲೆ ತಾನೇ ಬೋರಲು ಬಿದ್ದುಕೊಂಡಳು. ಗಾಳಿ ನಿಲ್ಲುವ ತನಕ ಏಳಲಿಲ್ಲ. ಹಾರಿಬಂದ ತಗಡೊಂದು ಅವಳ ಬೆನ್ನು ಸೀಳಿದ ಗಾಯದ ಕಲೆ ಈಗಲೂ ಇದೆ.

ಲಿಯೊನೋರಾ ಬದುಕಿ ಉಳಿಯಲಿಲ್ಲ. ಒದ್ದೆಯಾದ ಎದೆ ಮತ್ತೆ ಒಣಗಲಿಲ್ಲ. ವಾರ ಕಳೆಯುವುದರೊಳಗೆ ಹೋದಳು. ಆದರೆ ಆ ವಾರ ಸಿಕ್ಕಿತ್ತಲ್ಲ! ಗಂಡನ ಕೈ ಹಿಡಿದುಕೊಂಡು ಆಡಬೇಕಾದ ಮಾತನ್ನೆಲ್ಲ ಆಡಿಯೇ ಹೋದಳು. ಆಡುಗಳಿಗೆ ಹೊತ್ತಿಗೆ ಸರಿಯಾಗಿ ನೀರಿಡು ಎಂದಳು, ಫಿಟ್ಜಿಯ ರಮ್ಮಿನಂಗಡಿಯಲ್ಲಿ ಹೆಚ್ಚು ಕೂರಬೇಡ ಎಂದಳು, ನಿನ್ನಂಥ ಮೊಂಡನ ಜೊತೆ ಬಾಳಿದ್ದು ನನಗೆ ಖುಷಿಯೇ ಎಂದಳು. ಆ ವಾರವನ್ನು ತನಗೆ ದಾನವಾಗಿ ಕೊಟ್ಟವಳು ಆಲ್ಸಿನಾ ಎಂದು ಜೆತ್ರೊ ನಂಬಿದ್ದ. ಈ ಋಣ ತೀರಿಸುವುದು ಹೇಗೆ ಎಂಬುದೇ ಅವನಿಗೆ ಹೊಳೆಯದೆ ಉಳಿದಿತ್ತು.

ಹಳೆಯ ಆಸ್ಪತ್ರೆಯ ಸೂರು ಹಾರಿಹೋಗಿ ಬಿದ್ದದ್ದು ಜೆತ್ರೊನ ತೊಗರಿ ಹೊಲದಲ್ಲಿ. ಮುರಿದ ಮರವಾದರೂ ಮರವೇ ತಾನೆ? ಕಡಲ ಊರಲ್ಲಿ ಯಾರೂ ಮರ ಸುಡುವುದಿಲ್ಲ. ಅದರ ಒಂದು ಮೂಲೆ ಚೆನ್ನಾಗಿ ಉಳಿದಿತ್ತೆಂದು ಅವನು ಅದನ್ನು ಹಾಗೆಯೇ ಕೊಯ್ದು ತಂದು ತನ್ನ ಆಡಿನ ಕೊಟ್ಟಿಗೆಯ ಮೇಲೆ ಕೂರಿಸಿದ. ಹಳೆಯ ಕಾಲದ ಯಾರೋ ಒಳ್ಳೆಯ ಬಡಗಿ ಕಟ್ಟಿದ ಸೂರು. ಜಗಲಿಯ ತೊಲೆಯೂ ಆಸ್ಪತ್ರೆಯ ತೊಲೆಯೂ ಸೇರುವ ಕೀಲು ಅದರಲ್ಲಿ ಅಷ್ಟು ಚಂದ ಕೂತಿತ್ತು. ಅಷ್ಟು ದೂರ ಹಾರಿ ಬಿದ್ದರೂ ಕೂದಲೆಳೆಯಷ್ಟೂ ಸಡಿಲವಾಗಿರಲಿಲ್ಲ. ಆಡಿಗೆ ಸೊಪ್ಪು ಹಾಕಲು ಹೋದಾಗಲೆಲ್ಲ ಜೆತ್ರೊ ಆ ಕೀಲನ್ನು ಒಮ್ಮೆ ಸವರಿ ಮೆಚ್ಚಿಕೊಳ್ಳುತ್ತಿದ್ದ.

ಹೊಸ ಆಸ್ಪತ್ರೆ ಕಟ್ಟಲು ಸರ್ಕಾರ ಕಳಿಸಿದ ಎಂಜಿನಿಯರು ಬೇರೆ ಯಾರೂ ಅಲ್ಲ, ಜೆತ್ರೊನ ತಂಗಿಯ ಮಗಳು ಡೆಸಿಮಾ. ದೊಡ್ಡ ದ್ವೀಪದ ರಾಜಧಾನಿ ಸೇಂಟ್ ಜಾರ್ಜ್ಸ್‌ನಲ್ಲಿ ಕೆಲಸ, ಜಮೈಕಾದಲ್ಲಿ ಓದು. ಗಾಳಿಗೆ ಬಗ್ಗದ ಕಟ್ಟಡಗಳದ್ದೇ ಅವಳ ವಿದ್ಯೆ. ಊರಿಗೆ ಮಾತ್ರ ಅವಳು ಇನ್ನೂ ಮೂಗು ಸೋರಿಸಿಕೊಂಡು ಬಾದಾಮಿ ಮರ ಹತ್ತುತ್ತಿದ್ದ ಹುಡುಗಿ. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಸುಳ್ಳೇ? ಅವಳು ಏನು ಹೇಳಿದರೂ ಮೊದಲು ಒಂದು ಸುತ್ತು ನಗು, ಆಮೇಲೆ ಕೆಲಸ.

ಜೆತ್ರೊನೇ ಬಡಗಿಗಳ ಮುಖ್ಯಸ್ಥ. ಸೊಸೆಯ ನಕ್ಷೆಯಲ್ಲಿ ಬಹುಪಾಲು ಅವನಿಗೆ ಹಿಡಿಸಿತು. ಗೋಡೆಗಳ ತಲೆಯ ಮೇಲೆ ಸುತ್ತಲೂ ಕಾಂಕ್ರೀಟಿನ ನಡುಕಟ್ಟು, ಅದರೊಳಗಿಂದ ಎದ್ದ ಕಬ್ಬಿಣಕ್ಕೆ ಬಿಗಿದ ತೊಲೆ, ನಾಲ್ಕೂ ಕಡೆಗೆ ಇಳಿಜಾರಾದ ಕಡಿದಾದ ಸೂರು. ತಗಡಿಗೆ ಮೊಳೆಯಲ್ಲ, ಸ್ಕ್ರೂ. ಅದೂ ಮೂಲೆಗಳಲ್ಲಿ ಒತ್ತೊತ್ತಾಗಿ, ಯಾಕೆಂದರೆ ಗಾಳಿ ಮೊದಲು ಬಾಯಿ ಹಾಕುವುದು ಮೂಲೆಗೆ. ಕಿಟಕಿಗಳಿಗೆ ದಪ್ಪ ಹಲಗೆ, ನೀರಿನ ತೊಟ್ಟಿಗೂ ಸರಪಳಿ. ಮಗು ಕಲಿತಿದೆ ಕಣ್ರೋ ಎಂದು ಫಿಟ್ಜಿಯ ರಮ್ಮಿನಂಗಡಿಯಲ್ಲಿ ಹೇಳಿಕೊಂಡು ಹೆಮ್ಮೆಪಟ್ಟ.

ಜಗಳ ಎದ್ದದ್ದು ಜಗಲಿಗೆ. ಡೆಸಿಮಾಳ ಮೊದಲ ನಕ್ಷೆಯಲ್ಲಿ ಜಗಲಿಯೇ ಇರಲಿಲ್ಲ. ಪಾಯಿಂಟ್ ಸೋಲೆಯಲ್ಲಿ ಜಗಲಿ ಇಲ್ಲದ ಕಟ್ಟಡವೆಂದರೆ ಸೆರೆಮನೆ ಒಂದೇ, ಅದೂ ಬೇರೆ ಊರಲ್ಲಿದೆ. ಆಸ್ಪತ್ರೆಯ ಜಗಲಿಯಲ್ಲಿ ಕೂತು ಸರದಿ ಕಾಯುತ್ತ ಆಡುವ ಹರಟೆಯಿಂದಲೇ ಅರ್ಧ ಕಾಯಿಲೆ ವಾಸಿಯಾಗುವ ಊರು ಅದು. ಬಸುರಿಯರು ಬಿಸಿಲಲ್ಲಿ ನಿಲ್ಲಬೇಕೇನು ಎಂದು ಆಲ್ಸಿನಾ ಕೇಳಿದಾಗ ಡೆಸಿಮಾ ಸೋತಳು. ಜಗಲಿ ಕೊಟ್ಟಳು, ಆದರೆ ಒಂದು ವಿಚಿತ್ರ ಮಾಡಿ ಕೊಟ್ಟಳು. ಜಗಲಿಗೆ ಅದರದೇ ಕಂಬ, ಅದರದೇ ಹಗುರ ಸೂರು. ಆಸ್ಪತ್ರೆಯ ಗೋಡೆಗಾಗಲಿ ದೊಡ್ಡ ಸೂರಿಗಾಗಲಿ ಅದು ಎಲ್ಲಿಯೂ ತಾಗುವಂತಿಲ್ಲ. ಎರಡರ ನಡುವೆ ನಾಲ್ಕು ಬೆರಳಿನ ಸಂದು. ಜೋರು ಗಾಳಿ ಬಂದರೆ ಜಗಲಿ ತಾನೊಂದೇ ಹೋಗಬೇಕು ಎಂದು ಅವಳು ಎಲ್ಲರಿಗೂ ಬಿಡಿಸಿ ಹೇಳಿದಳು. ಜೆತ್ರೊ ತಲೆಯಾಡಿಸಿದ. ತಲೆಯಾಡಿಸುವುದಕ್ಕೂ ಒಪ್ಪುವುದಕ್ಕೂ ಇರುವ ವ್ಯತ್ಯಾಸ ಅವನ ತಂಗಿಗೆ ಗೊತ್ತಿತ್ತು, ತಂಗಿಯ ಮಗಳಿಗೆ ಗೊತ್ತಿರಲಿಲ್ಲ.

ಆ ನಾಲ್ಕು ಬೆರಳಿನ ಸಂದಿನಿಂದ ಮಳೆನೀರು ಸರಿಯಾಗಿ ಬೆಂಚಿನ ಮೇಲೆ ಕೂತವರ ಕುತ್ತಿಗೆಗೆ ಇಳಿಯುತ್ತಿತ್ತು. ಡೆಸಿಮಾ ಸೇಂಟ್ ಜಾರ್ಜ್ಸ್‌ಗೆ ಮರಳಿ ಒಂದು ಮಳೆಗಾಲ ಕಳೆಯುವುದರೊಳಗೆ ಊರ ಬಾಯಿಗೆ ಅದೇ ಎಲೆಅಡಿಕೆಯಾಯಿತು. ಓದಿದವರ ಜಗಲಿ ನೋಡಿ, ಒಳಗೆ ಹೋಗುವ ಮುಂಚೆ ಸ್ನಾನ ಮಾಡಿಸುತ್ತೆ ಎಂದು ಫಿಟ್ಜಿ ಆಡಿಕೊಂಡ. ಜೆತ್ರೊನಿಗೆ ಮಾತ್ರ ಅದು ನಗುವ ವಿಷಯವಾಗಿರಲಿಲ್ಲ. ಆಲ್ಸಿನಾ ದಿನವೂ ಓಡಾಡುವ ಜಗಲಿ ಎಲ್ಲಿಗೂ ಅಂಟದೆ, ಯಾರ ಆಸರೆಯೂ ಇಲ್ಲದೆ, ಅನಾಥೆಯ ಹಾಗೆ ನಿಂತಿದೆ. ಗಾಳಿ ಬಂದರೆ ಹೋಗುತ್ತದೆ ಎಂದು ಕಟ್ಟಿದವಳೇ ಹೇಳುತ್ತಾಳೆ. ಹೋಗುತ್ತದೆ ಎಂದು ಗೊತ್ತಿದ್ದೂ ಬಿಡುವುದೆಂದರೇನು? ಋಣ ತೀರಿಸುವ ದಾರಿ ಅವನಿಗೆ ಕೊನೆಗೂ ಹೊಳೆಯಿತು.

ಯಾರಿಂದಲೂ ಕೂಲಿ ಕೇಳಲಿಲ್ಲ, ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ದೋಣಿಗೆಂದು ಎತ್ತಿಟ್ಟಿದ್ದ ಬಿಳಿ ಸೀಡರ್ ಮರ ತಂದ. ಸಂದನ್ನು ಮುಚ್ಚಿದ. ಜಗಲಿಯ ಒಂದೊಂದು ಅಡ್ಡಮರವನ್ನೂ ದೊಡ್ಡ ಸೂರಿನ ಮರಕ್ಕೆ ಸೇರಿಸಿ, ಮೇಲೆ ಕಬ್ಬಿಣದ ಪಟ್ಟಿ ಸುತ್ತಿ, ತನ್ನ ಉದ್ದ ಮೊಳೆಗಳನ್ನು ಬಡಿದ. ಒಟ್ಟಿಗೆ ಕಟ್ಟಿದ್ದು ಒಟ್ಟಿಗೆ ನಿಲ್ಲುತ್ತದೆ ಎಂಬುದು ಅವನ ಅಜ್ಜನ ಮಾತು. ಕಡೆಗೆ ಜಗಲಿಗೆಲ್ಲ ಲಿಯೊನೋರಾಳಿಗೆ ಇಷ್ಟವಾದ ನೀಲಿ ಬಣ್ಣ ಹೊಡೆದ. ಆಲ್ಸಿನಾ ಬಂದು ನೋಡಿ, ಒಳಗೆ ಹೋಗಿ ಅವನಿಗೊಂದು ತುಂಡು ತೆಂಗಿನಕಾಯಿ ರೊಟ್ಟಿ ತಂದುಕೊಟ್ಟಳು. ಮುಂದಿನ ಮಳೆಗೆ ಒಬ್ಬರ ಕುತ್ತಿಗೆಯೂ ನೆನೆಯಲಿಲ್ಲ. ಜೆತ್ರೊ ಎದುರಿನ ಕಲ್ಲಿನ ಮೇಲೆ ಕೂತು, ತಾನು ಮಾತ್ರ ನೆನೆಯುತ್ತ, ಅದನ್ನು ನೋಡಿದ.

ಬಿರುಗಾಳಿಯ ಸುದ್ದಿ ಬಂದದ್ದು ಮರು ವರ್ಷ. ರೇಡಿಯೊ ಮೊದಲು ಬಾರ್ಬಡೋಸ್ ಎಂದಿತು, ಆಮೇಲೆ ಸೇಂಟ್ ವಿನ್ಸೆಂಟ್ ಎಂದಿತು, ಕೊನೆಗೆ ಯಾವ ಸುತ್ತುಬಳಸೂ ಇಲ್ಲದೆ ಕ್ಯಾರಿಯಾಕೂ ಎಂದಿತು. ನಾಳೆ ಬೆಳಿಗ್ಗೆಯೇ ಎಂದಿತು. ಮೀನುಗಾರರು ದೋಣಿಗಳನ್ನು ಹಿನ್ನೀರಿನ ಕಾಂಡ್ಲಾ ಗಿಡಗಳ ನಡುವಿಗೆ ಎಳೆದು ಕಟ್ಟಿದರು. ಆಸ್ಪತ್ರೆಯಲ್ಲಿ ಆಗ ಫಿಟ್ಜಿಯ ಮಗಳು ರೋಸಾನ್ ಚೊಚ್ಚಲ ಹೆರಿಗೆಗೆ ಬಂದಿದ್ದಳು. ದೊಡ್ಡ ಆಸ್ಪತ್ರೆಗೆ ಸಾಗಿಸೋಣವೆಂದರೆ ನೋವು ಆಗಲೇ ಶುರುವಾಗಿತ್ತು, ರಸ್ತೆ ಖಾತ್ರಿಯಿಲ್ಲ. ಇಲ್ಲೇ ಇರಲಿ, ಇದಕ್ಕಿಂತ ಗಟ್ಟಿ ಸೂರು ದ್ವೀಪದಲ್ಲಿ ಇಲ್ಲ ಎಂದು ಆಲ್ಸಿನಾ ತೀರ್ಮಾನಿಸಿದಳು.

ಕೊನೆಯ ದೋಣಿಯಲ್ಲಿ, ಹೋಗಬಲ್ಲವರು ದ್ವೀಪ ಬಿಟ್ಟು ಹೋಗುವ ಹೊತ್ತಿನಲ್ಲಿ, ಡೆಸಿಮಾ ಬಂದಿಳಿದಳು. ತಾನು ಕಟ್ಟಿಸಿದ ಕಿಟಕಿಹಲಗೆಗಳನ್ನು ಕಣ್ಣಾರೆ ನೋಡದೆ ಅವಳಿಗೆ ನಿದ್ದೆ ಬರುವಂತಿರಲಿಲ್ಲ. ಜೆತ್ರೊ ಜಗಲಿಯಲ್ಲಿ ಹಲಗೆ ಬಿಗಿಯುತ್ತಿದ್ದ. ಅವಳು ಚೀಲವನ್ನೂ ಕೆಳಗಿಡದೆ ತಲೆಯೆತ್ತಿ ನೀಲಿ ಸೂರನ್ನು ನೋಡಿದಳು, ಪಟ್ಟಿಗಳನ್ನು ನೋಡಿದಳು. ಮೆಚ್ಚುಗೆಯ ಮಾತಿಗಾಗಿ ಜೆತ್ರೊ ಕಾದ.

"ಮಾವ, ಈ ಪಟ್ಟಿ ಯಾರು ಹೊಡ್ದಿದ್ದು?"

"ಇನ್ಯಾರು ಹೊಡೀತಾರೆ? ಈ ಊರಲ್ಲಿ ಸುತ್ತಿಗೆ ಹಿಡಿಯೋಕೆ ಬರೋದು ಯಾರಿಗೆ ಅಂತ ನಿಂಗಿನ್ನೂ ಗೊತ್ತಿಲ್ವಾ?"

"ತೆಗೀಬೇಕು. ಈಗ್ಲೇ ತೆಗೀಬೇಕು."

ಜೆತ್ರೊ ಕೈಯಲ್ಲಿದ್ದ ಸುತ್ತಿಗೆಯನ್ನು ನಿಧಾನವಾಗಿ ಕೆಳಗಿಟ್ಟ. ಒಳಗಿಂದ ರೋಸಾನ್ ನರಳುವುದು ಕೇಳಿಸುತ್ತಿತ್ತು. ಗದ್ದಲ ಕೇಳಿ ಆಲ್ಸಿನಾ ಬಾಗಿಲಿಗೆ ಬಂದು ನಿಂತಳು. ಅವಳೆದುರಿಗೇ ತನ್ನ ಕಾಣಿಕೆಯನ್ನು ಕಿತ್ತುಹಾಕು ಎನ್ನುತ್ತಿದ್ದಾಳೆ ಈ ಹುಡುಗಿ. ಅವನ ಕಿವಿ ಬಿಸಿಯಾಯಿತು.

"ಗಾಳಿ ಜಗಲಿ ಕೆಳಗೆ ನುಗ್ಗುತ್ತೆ ಮಾವ. ನುಗ್ಗಿ ಮೇಲಕ್ಕೆತ್ತುತ್ತೆ. ಜಗಲಿ ಹೋಗೇ ಹೋಗುತ್ತೆ, ಅದನ್ನ ಯಾರೂ ತಡೆಯೋಕಾಗಲ್ಲ. ಒಂಟಿಯಾಗಿ ಹೋದ್ರೆ ಹೋಗ್ಲಿ. ನೀವು ಅದರ ಕೈನ ದೊಡ್ಡ ಸೂರಿಗೆ ಕಟ್ಬಿಟ್ಟಿದೀರಿ. ಹೋಗುವಾಗ ಎಳ್ಕೊಂಡೇ ಹೋಗುತ್ತೆ."

"ಎಂಥಾ ಗಾಳಿಗೂ ಬಿಡದ ಹಾಗೆ ಹೊಡ್ದಿದೀನಿ."

"ಅದೇ ನಂಗೆ ಭಯ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಮನುಷ್ಯ ಅಷ್ಟಕ್ಕೆಲ್ಲ ಜಗ್ಗುವನೇ? ತಾನು ಕಟ್ಟಿದ ಒಂದು ದೋಣಿಯೂ ಇಂದಿನವರೆಗೆ ಬಿಚ್ಚಿಕೊಂಡಿಲ್ಲ ಎಂದು ಅವನು ಒಂದೊಂದರ ಹೆಸರು ಹಿಡಿದು ಹೇಳತೊಡಗಿದ. ಡೆಸಿಮಾ ಹೆಸರುಗಳು ಮುಗಿಯುವ ತನಕ ಕಾದಳು. ಆಮೇಲೆ ಮೆತ್ತಗೆ ಕೇಳಿದಳು.

"ಕಡಲಲ್ಲಿ ಗಾಳಿ ಒಮ್ಮೆಗೇ ಬಂದು ಹೊಡೀತು ಅನ್ನಿ. ಹಾಯಿ ಹಗ್ಗ ಏನ್ಮಾಡ್ತೀರಿ?"

"ಬಿಡ್ತೀನಿ."

"ಯಾಕೆ, ಗಟ್ಟಿಯಾಗಿ ಕಟ್ಕೊಂಡು ಕೂರಲ್ವಾ?"

"ಕಟ್ಕೊಂಡು ಕೂತ್ರೆ ದೋಣಿ ಮಗುಚುತ್ತೆ ಕಣೇ. ಅದು ಹಾಯಿ, ಇದು ಜಗಲಿ."

"ಅದು ಗಾಳಿಗೆಲ್ಲಿ ಗೊತ್ತು ಮಾವ? ನಿಮ್ಮ ಆಡಿನ ಕೊಟ್ಟಿಗೆ ಮೇಲೆ ಹಳೇ ಆಸ್ಪತ್ರೆ ಸೂರಿನ ಮೂಲೆ ಇದೆಯಲ್ಲ. ನನ್ ಮಾತು ಬೇಡ. ಅದನ್ನ ಹೋಗಿ ನೋಡ್ಕೊಂಡ್ ಬನ್ನಿ."

ಜೆತ್ರೊ ಹೊರಟ. ಸಿಟ್ಟಿನಲ್ಲೇ ಹೊರಟ, ಅವನ ಮನೆ ಆಸ್ಪತ್ರೆಯ ಬೆನ್ನಿಗೇ ಇದ್ದದ್ದರಿಂದ ಸಿಟ್ಟು ಆರಲು ಸಮಯವೂ ಸಿಗಲಿಲ್ಲ. ಕಡಲು ಆಗಲೇ ಸೀಸದ ಬಣ್ಣಕ್ಕೆ ತಿರುಗಿತ್ತು. ಕೊಟ್ಟಿಗೆಯೊಳಗೆ ಬಗ್ಗಿ ನಿಂತು, ಎಷ್ಟೋ ವರ್ಷದಿಂದ ಸವರುತ್ತಿದ್ದ ಆ ಕೀಲಿಗೆ ಕೈ ಹಚ್ಚಿದ. ಜಗಲಿಯ ತೊಲೆ. ಆಸ್ಪತ್ರೆಯ ತೊಲೆ. ನಡುವಿನ ಕೀಲು ಹೊಸದರಂತೆ ಬಿಗಿಯಾಗಿದೆ. ಮುರಿದಿರುವುದು ಬೇರೆ ಕಡೆ: ಆಸ್ಪತ್ರೆಯ ತೊಲೆಯ ಇನ್ನೊಂದು ತುದಿ, ಗೋಡೆಯ ಮೇಲೆ ಕೂತಿದ್ದ ತುದಿ, ಸಿಬಿರು ಸಿಬಿರಾಗಿ ಸೀಳಿತ್ತು. ಜಗಲಿಯನ್ನು ಹಿಡಿದ ಗಾಳಿ ಎಲ್ಲಿಂದ ಎಲ್ಲಿಗೆ ಎಳೆದಿದೆ ಎಂಬುದನ್ನು ಆ ಮರವೇ ಹೇಳುತ್ತಿತ್ತು. ಕೀಲು ಬಿಟ್ಟಿರಲಿಲ್ಲ. ಬಿಡದ್ದಕ್ಕೇ ಸೂರು ಹೋಗಿತ್ತು. ಅವನು ಅದರ ಕೆಳಗೇ ಆಡು ಕಟ್ಟಿಕೊಂಡು, ಅದನ್ನೇ ಮೆಚ್ಚಿಕೊಂಡು ಇಷ್ಟು ದಿನ ಕಳೆದಿದ್ದ.

ಯಾರನ್ನು ಬಯ್ಯುವುದು? ಕಟ್ಟಿದ ಪುಣ್ಯಾತ್ಮ ಒಳ್ಳೆಯದಾಗಲಿ ಎಂದೇ ಕಟ್ಟಿದ್ದ, ತಾನು ಕಟ್ಟಿದ ಹಾಗೆಯೇ. ಜೆತ್ರೊನಿಗೆ ಲಿಯೊನೋರಾಳ ನೆನಪು ಬಂತು. ಆಡೊಂದು ಅವನ ಅಂಗಿಯ ಚುಂಗು ಅಗಿಯುತ್ತಿತ್ತು. ಅದನ್ನು ಬಿಡಿಸಿಕೊಂಡು, ಗೋಡೆಯಿಂದ ಕಬ್ಬಿಣ ಕೊಯ್ಯುವ ಗರಗಸ ತೆಗೆದುಕೊಂಡು ವಾಪಸು ಬಂದ.

"ನಾನೇ ಕೊಯ್ತೀನಿ," ಎಂದ. "ನೀನು ಏಣಿ ಹಿಡ್ಕೋ."

ತಗಡನ್ನೆಲ್ಲ ಕಳಚಿ ಇಳಿಸುವಷ್ಟು ಹೊತ್ತು ಉಳಿದಿರಲಿಲ್ಲ. ಪಟ್ಟಿ, ಅದರಡಿಯ ಮೊಳೆ ಕತ್ತರಿಸಿ ಬಿಡುವುದಷ್ಟೇ ಆಗುವ ಕೆಲಸ. ಕೊಯ್ಯುವ ಮುಂಚೆ ಜೆತ್ರೊ ಫಿಟ್ಜಿಯಿಂದ ಒಂದು ಗುಟುಕು ರಮ್ ಕೇಳಿದ. ಕುಡಿಯಲಿಕ್ಕಲ್ಲ. ಅವನ ಊರಲ್ಲಿ ಹೊಸ ದೋಣಿ ನೀರಿಗಿಳಿಯುವ ದಿನ ಅದನ್ನು ಎತ್ತಿ ನಿಲ್ಲಿಸಿದ ಆಸರೆ ಮರಗಳನ್ನು ಕೊಡಲಿಯಿಂದ ಕಡಿದು ಕೆಡವುತ್ತಾರೆ. ಕಡಿಯುವ ಮುಂಚೆ ನೆಲಕ್ಕೆ ರಮ್ ಸುರಿಯುತ್ತಾರೆ. ತಾನು ಕಟ್ಟಿದ್ದನ್ನು ಬಿಟ್ಟುಕೊಡುವ ಶಾಸ್ತ್ರ ಅವನಿಗೆ ಗೊತ್ತಿದ್ದದ್ದು ಅದೊಂದೇ. ನೀಲಿ ಕಂಬದ ಬುಡಕ್ಕೆ ರಮ್ ಸುರಿದ. ಫಿಟ್ಜಿ ಬಾಯಿ ತೆರೆದವನು, ಸುರಿದುಹೋದ ರಮ್ಮಿನ ಬಗ್ಗೆ ಏನೋ ಹೇಳಬೇಕೆಂದಿದ್ದವನು, ಒಳಗೆ ಮಗಳು ಕೂಗಿದ್ದು ಕೇಳಿ ಸುಮ್ಮನಾದ.

ತನ್ನ ಕೆಲಸ ಎಷ್ಟು ಗಟ್ಟಿ ಎಂಬುದು ಜೆತ್ರೊನಿಗೆ ಆ ಸಂಜೆ ಚೆನ್ನಾಗಿ ಗೊತ್ತಾಯಿತು. ಒಂದೊಂದು ಪಟ್ಟಿಯೂ ಅವನ ತೋಳಿನ ಶಕ್ತಿ ಹೀರಿತು. ಮಳೆಯ ಮೊದಲ ಹೊಡೆತ ಬಂದಾಗ ಮೂಲೆಯದೊಂದು ಬಾಕಿ ಇತ್ತು. ಏಣಿ ಅಲುಗಾಡುತ್ತಿತ್ತು, ಡೆಸಿಮಾ ತನ್ನ ಇಡೀ ಮೈಭಾರವನ್ನು ಅದಕ್ಕೆ ಒರಗಿಸಿ ನಿಂತಿದ್ದಳು. ಕಣ್ಣಿಗೆ ನೀರು ಹೊಡೆಯುತ್ತಿದ್ದುದರಿಂದ ಅವನು ಕೈಯ ಅಂದಾಜಿನಲ್ಲೇ ಕೊಯ್ದ. ಟಣ್ ಎಂದ ಹಾಗಾಯಿತು. ಇಳೀರಿ ಮಾವ, ಸಾಕು ಎಂದು ಅವಳು ಕೂಗಿದಳು. ಇಳಿದ.

ಬಿರುಗಾಳಿ ಬೆಳಿಗ್ಗೆ ಬಂತು, ರೇಡಿಯೊ ಹೇಳಿದ್ದಕ್ಕಿಂತ ಜೋರಾಗಿಯೇ ಬಂತು. ಆ ಹೊತ್ತಿಗೆ ಸುತ್ತಲಿನ ಮನೆಯವರೆಲ್ಲ ಆಸ್ಪತ್ರೆಯೊಳಗೆ ಸೇರಿದ್ದರು. ನೆಲದ ಮೇಲೆ ಮುದುಕಿಯರು, ಮಕ್ಕಳು, ಒಂದು ನಾಯಿ, ಅದೂ ಅಲ್ಲದೆ ಯಾರೂ ತಂದೆನೆಂದು ಒಪ್ಪದ ಎರಡು ಕೋಳಿ. ಒಳಕೋಣೆಯಲ್ಲಿ ರೋಸಾನ್, ಆಲ್ಸಿನಾ. ಗಾಳಿಯ ಸದ್ದು ಎಲ್ಲ ಮಾತನ್ನೂ ನುಂಗಿಹಾಕಿತು. ನಡುವೆ ಫಿಟ್ಜಿ ಎದ್ದು, ಗಾಳಿ ಬರುವ ಕಡೆ ಬೇಡ, ಆಚೆ ಬದಿಯ ಒಂದು ಕಿಟಕಿ ತೆರೆದಿಡೋಣ, ಒತ್ತಡ ಹೊರಗೆ ಹೋಗಲಿ, ನಮ್ಮಪ್ಪ ಜಾನೆಟ್ ಬಂದಾಗ ಹಾಗೇ ಮಾಡಿದ್ದ ಎಂದ. ಡೆಸಿಮಾ ಅಡ್ಡ ನಿಂತಳು. ಅವನು ಅವಳನ್ನು ಬಳಸಿ ಹೋಗಲು ನೋಡಿದಾಗ ಒಳಗಿಂದ ಆಲ್ಸಿನಾ ತಲೆ ಹೊರಗೆ ಹಾಕಿ, ಕಿಟಕಿ ಮುಟ್ಟಿದವರಿಗೆ ದೊಡ್ಡ ಸೂಜಿ ಚುಚ್ಚುತ್ತೇನೆ ಎಂದಳು. ಫಿಟ್ಜಿ ಕೂತ.

ಜೆತ್ರೊ ಗೋಡೆಗೆ ಬೆನ್ನು ಕೊಟ್ಟು ಕಣ್ಣು ಮುಚ್ಚಿ ಕೂತಿದ್ದ. ಜಗಲಿಯ ಒಂದೊಂದು ಸದ್ದೂ ಅವನಿಗೆ ಗುರುತಿತ್ತು. ತಗಡು ನಡುಗಿದ್ದು ಕೇಳಿಸಿತು. ಕಂಬ ನರಳಿದ್ದು ಕೇಳಿಸಿತು. ಅವನನ್ನು ತಿನ್ನುತ್ತಿದ್ದುದು ಒಂದೇ ಯೋಚನೆ: ಆ ಮೂಲೆಯ ಪಟ್ಟಿ. ಪೂರ್ತಿ ಕೊಯ್ದೆನೇ? ಟಣ್ ಎಂದದ್ದು ಪಟ್ಟಿಯೋ, ಗರಗಸದ ಅಲಗೋ? ಅದೊಂದು ಉಳಿದಿದ್ದರೆ ಸಾಕು, ಗಾಳಿಗೆ ಹಿಡಿ ಸಿಕ್ಕಿದಂತೆ. ಮೂಲೆ ಬಿಚ್ಚಿದರೆ ಮಿಕ್ಕಿದ್ದು ಬಿಚ್ಚಲು ಎಷ್ಟು ಹೊತ್ತು? ಒಳಗಿರುವ ಹುಡುಗಿ, ಇನ್ನೂ ಹೊರಗೆ ಬಾರದ ಅವಳ ಕೂಸು, ಮತ್ತೆ ಯಾರ ಮೇಲಾದರೂ ಹಾಸಿಗೆ ಎಳೆದುಕೊಂಡು ಬೀಳುವ ವಯಸ್ಸು ಈಗಿಲ್ಲದ ಆಲ್ಸಿನಾ. ಜೀವಮಾನದಲ್ಲಿ ಮೊದಲ ಸಲ ಅವನು ತನ್ನ ಕೆಲಸ ಸೋಲಲಿ ಎಂದು ಬೇಡಿಕೊಂಡ. ದೇವರೇ, ನನ್ನ ಕೀಲು ಬಿಡಲಿ.

ಆಗ ಜಗಲಿ ಎದ್ದಿತು. ಒಂದು ದೊಡ್ಡ ಉಸಿರೆಳೆದ ಹಾಗೆ ಸದ್ದು. ಆಮೇಲೆ ಮೂಲೆಯಲ್ಲಿ ಕಬ್ಬಿಣ ಕಿರ್ರೆಂದಿತು. ತಲೆಯ ಮೇಲಿನ ಸೂರು ಒಮ್ಮೆ ಧಡ್ ಎಂದು ಅದುರಿತು. ಎಲ್ಲರೂ ಮೇಲೆ ನೋಡಿದರು. ಡೆಸಿಮಾ ಜೆತ್ರೊನ ಕೈ ಹಿಡಿದಳು, ಚಿಕ್ಕವಳಿದ್ದಾಗ ಹಿಡಿಯುತ್ತಿದ್ದ ಹಾಗೆ. ಚಟ್ ಎಂದು ಏನೋ ಕಡಿಯಿತು. ನೀಲಿ ಜಗಲಿ ಎಲ್ಲರ ತಲೆಯ ಮೇಲಿಂದ ದಡಬಡ ಸದ್ದು ಮಾಡುತ್ತ ಹಾರಿ, ಗುಡ್ಡದ ಕಡೆಗೆ ಹೋಯಿತು. ಆಮೇಲೆ ಬರಿ ಗಾಳಿ. ಸೂರು ಅಲ್ಲೇ ಇತ್ತು.

"ಹೋಗು ತಾಯಿ," ಎಂದ ಜೆತ್ರೊ. "ಹೋಗು, ಒಳ್ಳೇದಾಯ್ತು." ಅವನ ಕಣ್ಣಿಂದ ನೀರು ಧಾರಾಕಾರ ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

ಗಾಳಿ ತಗ್ಗುವ ಮುಂಚೆಯೇ ರೋಸಾನ್ ಹೆತ್ತಳು. ಹೆಣ್ಣು ಕೂಸು, ಬಿರುಗಾಳಿಯ ಜೊತೆ ಪೈಪೋಟಿಗೆ ಬಿದ್ದಂತೆ ಕಿರುಚಿತು. ಇವಳಿಗೆ ಜಗಲಿ ಅಂತಲೇ ಹೆಸರಿಡೋಣ ಎಂದು ಫಿಟ್ಜಿ ಅಳುತ್ತ ನಗುತ್ತ ಹೇಳಿ, ಹೆಂಡತಿಯ ಕೈಯಿಂದ ತಲೆಗೆ ಒಂದು ತಿಂದ.

ಬಾಗಿಲು ತೆರೆದು ನೋಡಿದಾಗ ಪಾಯಿಂಟ್ ಸೋಲೆಯಲ್ಲಿ ಸೂರು ಎಂಬುದು ಉಳಿದದ್ದು ಬಹುಮಟ್ಟಿಗೆ ಆಸ್ಪತ್ರೆಗೆ ಮಾತ್ರ. ಗುಡ್ಡದ ಮರಗಳಲ್ಲಿ ಒಂದು ಎಲೆಯೂ ಇರಲಿಲ್ಲ. ಜೆತ್ರೊನ ಮನೆಯ ಅರ್ಧ ತಗಡು ಹೋಗಿತ್ತು, ಆಡಿನ ಕೊಟ್ಟಿಗೆ ಇತ್ತೆಂಬ ಗುರುತೂ ಇರಲಿಲ್ಲ. ಆಡುಗಳನ್ನು ಮಾತ್ರ ಅವನು ಮುಂಚೆಯೇ ಬಿಚ್ಚಿ ಬಿಟ್ಟಿದ್ದರಿಂದ ಸಂಜೆಯ ಹೊತ್ತಿಗೆ ಬೈಯುತ್ತ ವಾಪಸು ಬಂದವು. ಆ ದಿನದಿಂದ ವಾರಗಟ್ಟಲೆ ಇಡೀ ಊರು ಆ ಒಂದು ಸೂರಿನ ಕೆಳಗೆ ಬಾಳಿತು. ಅಲ್ಲೇ ಗಾಯಕ್ಕೆ ಹೊಲಿಗೆ, ಅಲ್ಲೇ ಅಡುಗೆ, ಅಲ್ಲೇ ಜಗಳ. ದೊಡ್ಡ ದ್ವೀಪದಿಂದ ಬಂದ ವೈದ್ಯರು ಅಲ್ಲೇ ಬೀಡುಬಿಟ್ಟರು. ಒಂದು ಮಂಚವೂ ನೆನೆಯಲಿಲ್ಲ.

ಡೆಸಿಮಾ ಏಣಿ ಹಾಕಿ ಮೂಲೆಯನ್ನು ನೋಡಿ ಬಂದು, ಪಟ್ಟಿ ಮುಕ್ಕಾಲು ಮಾತ್ರ ಕೊಯ್ದಿತ್ತು ಮಾವ, ಉಳಿದ ಕಾಲು ಭಾಗವನ್ನು ಗಾಳಿಯೇ ಕಡಿಯಿತು ಎಂದಳು. ಜೆತ್ರೊ ತಲೆಯೆತ್ತಿ ಆ ಮೂಲೆಯನ್ನು ನೋಡಿದ. ನಿನ್ನ ತಗಡಿನ ಮೂಲೆಯ ಸ್ಕ್ರೂಗಳು ಹಿಡಿದವಲ್ಲ, ಇಲ್ಲದಿದ್ದರೆ ಗೊತ್ತಿತ್ತು ಎಂದ. ಅವನ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ಯಾರೂ ಕೇಳಿದವರಿಲ್ಲ, ಡೆಸಿಮಾಗೂ ಅದು ಗೊತ್ತಿತ್ತು.

ಮೊದಲ ಜೋಳದ ಹಿಟ್ಟು, ಮೊದಲ ತೊಗರಿ ಊರಿಗೆ ಬಂದ ಮೇಲೆ ಹಿರಿಯರು ಮರೂನ್ ಎಂಬ ಊರೌತಣ ಮಾಡಬೇಕೆಂದರು. ಮನೆಯೇ ಇಲ್ಲದಿರುವಾಗ ಎಂಥ ಔತಣ ಎಂದು ಯಾರೂ ಕೇಳಲಿಲ್ಲ. ಉಳಿದುಕೊಂಡವರು ಹೋದವರಿಗೆ ಉಣಬಡಿಸದೆ ತಾವು ಉಣ್ಣುವುದು ಕ್ಯಾರಿಯಾಕೂವಿನಲ್ಲಿ ಆಗದ ಮಾತು. ಬಯಲಿನಲ್ಲಿ ಕಟ್ಟಿಗೆಯ ಒಲೆ ಹೂಡಿ, ಹೆಂಗಸರು ಜೋಳದ ಹಿಟ್ಟಿನ ಕೂಕೂ ಮುದ್ದೆ ತೊಳಸಿದರು, ಅನ್ನ ಉಂಡೆ ಕಟ್ಟಿದರು, ಕುರಿಮಾಂಸ ಬೇಯಿಸಿದರು. ಡೋಲು ಬಡಿಯುವವರು ಬಂದರು. ಹಿರಿಯರಿಗೆ ಎಡೆ ಇಡುವುದು ಮನೆಯೊಳಗೆ, ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ. ಈ ಸಲ ಆಸ್ಪತ್ರೆಯ ಔಷಧಿ ಮೇಜನ್ನೇ ತೊಳೆದು ಬಟ್ಟೆ ಹಾಸಿದರು.

ಜೆತ್ರೊ ಲಿಯೊನೋರಾಳ ಹೆಸರಿನ ತಟ್ಟೆ ಇಟ್ಟ, ಅವಳಿಗೆ ಇಷ್ಟವಾದ ತೊಗರಿಕಾಳು ಸ್ವಲ್ಪ ಹೆಚ್ಚೇ ಹಾಕಿದ. ಆಮೇಲೆ ಅಂಗಿಯ ಒಳಗಿಂದ ಒಂದು ಮರದ ಚೂರು ತೆಗೆದ. ನೀಲಿ ಬಣ್ಣದ ಚೂರು. ಗುಡ್ಡದ ಮೇಲೆ ಆಡು ಮೇಯಿಸುವಾಗ ಸಿಕ್ಕಿದ್ದು. ಅದನ್ನು ತಟ್ಟೆಯ ಪಕ್ಕದಲ್ಲಿಟ್ಟ. ಎಲ್ಲದಕ್ಕೂ ನಗುವ ಫಿಟ್ಜಿ ಮೊಮ್ಮಗಳನ್ನು ಎತ್ತಿಕೊಂಡು ಪಕ್ಕದಲ್ಲೇ ನಿಂತಿದ್ದ, ನಗಲಿಲ್ಲ. ತಾನೇ ಬಗ್ಗಿ ಆ ಚೂರಿನ ಮುಂದೆ ನಾಲ್ಕು ಹನಿ ರಮ್ ಚಿಮುಕಿಸಿದ.

ಆಲ್ಸಿನಾ ಜೆತ್ರೊನ ಹತ್ತಿರ ಬಂದು ನಿಂತಳು.

"ಮೇಸ್ತ್ರಿ, ಈ ಸಲ ನಾನು ಯಾರ ಮೇಲೂ ಬಿದ್ಕೋಬೇಕಾಗಿ ಬರ್ಲಿಲ್ಲ," ಎಂದಳು.

ಜೆತ್ರೊ ಕಿಟಕಿಯ ಕಡೆ ತಿರುಗಿದ. ಹೊರಗೆ ಡೋಲು ಶುರುವಾಗಿತ್ತು. ಕಿಟಕಿಯಿಂದ ನೋಡಿದರೆ ಜಗಲಿಯ ಕಂಬಗಳಿದ್ದ ಗುಂಡಿಗಳು ಮಾತ್ರ ಕಾಣುತ್ತಿದ್ದವು, ಅವುಗಳ ಪಕ್ಕದಲ್ಲಿ ಬಸುರಿಯರು ಸರದಿಗಾಗಿ ಬಿಸಿಲಲ್ಲೇ ನಿಂತಿದ್ದರು. ಅವನು ಡೆಸಿಮಾಳನ್ನು ಕೂಗಿ ಕರೆದ. ನಾಳೆಯಿಂದ ಜಗಲಿಗೆ ಕೈ ಹಚ್ಚುತ್ತೇನೆ, ನಿನ್ನ ನಕ್ಷೆಯ ಪ್ರಕಾರವೇ, ನಾಲ್ಕು ಬೆರಳಿನ ಸಂದು ಬಿಟ್ಟೇ ಎಂದ. ಕುತ್ತಿಗೆ ನೆನೆದರೆ ನೆನೆಯಲಿ, ಬೆಂಚನ್ನು ಒಂದು ಮಾರು ಈಚೆ ಎಳೆದರಾಯಿತು.

"ಬಣ್ಣ ಮಾತ್ರ ನೀಲೀನೇ," ಎಂದ. "ಇನ್ನೊಂದು ವಿಷ್ಯ. ನಾಳೆ ಬರುವಾಗ ಅಂಗಡಿಯಿಂದ ಸಣ್ಣ ಮೊಳೆ ತಗೊಂಬಾ. ನನ್ನ ಹತ್ರ ಇಲ್ಲ."